ಪಟ್ಟಿಯಲ್ಲಿ ನಿಮ್ಮ ಹೆಸರಿರಲಿ: ಅಮೆರಿಕದ ಕನ್ನಡಿಗರಲ್ಲಿ ಒಂದು ಮನವಿ

1965ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಎರಡು ಕಾಯ್ದೆಗಳಿಗೆ ಸಹಿ ಹಾಕಿದರು. ಆಗಸ್ಟ್ 6ರಂದು ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಮತದಾನ ಹಕ್ಕುಗಳ ಕಾಯ್ದೆಗೆ. ಅಕ್ಟೋಬರ್ 3ರಂದು ನ್ಯೂಯಾರ್ಕ್ ಬಂದರಿನಲ್ಲಿ, ಲಿಬರ್ಟಿ ಪ್ರತಿಮೆಯ ಬುಡದಲ್ಲಿ, ಹೊಸ ವಲಸೆ ಕಾಯ್ದೆಗೆ. ನಡುವೆ ಎರಡು ತಿಂಗಳೂ ಪೂರ್ತಿ ಕಳೆದಿರಲಿಲ್ಲ. ಮೊದಲನೆಯದು ಆಫ್ರಿಕನ್ ಅಮೆರಿಕನ್ನರ ಮತಕ್ಕೆ ಕಾನೂನಿನ ಬಲ ಕೊಟ್ಟಿತು. ಎರಡನೆಯದು ಭಾರತದಂಥ ದೇಶಗಳ ಜನರಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದ ವಲಸೆಯ ಕೋಟಾ ಕೇವಲ 100. ಇಂದು ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದವರೆಗೆ ಕನ್ನಡ ಕೂಟಗಳು ಇರುವುದಕ್ಕೆ ಆ ಎರಡನೆಯ ಸಹಿ ಕಾರಣ. ಆದರೆ ಎರಡೂ ಕಾಯ್ದೆಗಳು ಒಂದೇ ಹೋರಾಟದ ಕಾವಿನಲ್ಲಿ ಹುಟ್ಟಿದವು. ಜನಾಂಗ ನೋಡಿ ಮನುಷ್ಯರನ್ನು ಅಳೆಯಬಾರದೆಂದು ದೇಶ ಒಪ್ಪಿಕೊಂಡ ಕಾಲ ಅದು.

ಎರಡನೆಯ ಕಾಯ್ದೆಯ ಫಲವನ್ನು ನಾವೆಲ್ಲ ಉಂಡಿದ್ದೇವೆ. ಮೊದಲನೆಯದರ ಬಗ್ಗೆ ನಮಗೆ ಅಷ್ಟು ತಿಳಿದಿಲ್ಲ. ಅದಕ್ಕೂ ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ಭಾರತದ ಚುನಾವಣೆಗಳನ್ನು ನೋಡಿ ಬೆಳೆದವರು. ಅಲ್ಲಿ 1951–52ರ ಮೊದಲ ಮಹಾಚುನಾವಣೆಯಿಂದಲೇ ವಯಸ್ಕರೆಲ್ಲರಿಗೂ ಮತ ಬಂತು. ಪಟ್ಟಿ ತಯಾರಿಸುವುದು ಚುನಾವಣಾ ಆಯೋಗದ ಹೊಣೆ. ಸಿಬ್ಬಂದಿ ಮನೆಗೇ ಬಂದು ಹೆಸರು ಕೇಳುತ್ತಾರೆ. ಮತದಾನದ ದಿನ ರಜೆ. ಊರಿನ ಶಾಲೆಯೇ ಮತಗಟ್ಟೆ. ಬೆರಳಿಗೆ ಮೈಸೂರಿನ ಕಾರ್ಖಾನೆಯ ಶಾಯಿ. ದೇಶಕ್ಕೆಲ್ಲ ಒಂದೇ ನಿಯಮ.

ಅಮೆರಿಕದಲ್ಲಿ ಹಾಗಿಲ್ಲ. ಇಲ್ಲಿ ಹೆಸರು ಬರೆಸುವುದು ಬಹುಮಟ್ಟಿಗೆ ಮತದಾರರ ಕೆಲಸ. ನಿಯಮಗಳು ಐವತ್ತು ರಾಜ್ಯಗಳಲ್ಲಿ ಐವತ್ತು ಬಗೆ. ಮತದಾನ ನಡೆಯುವುದು ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ. 1845ರಲ್ಲಿ, ಸುಗ್ಗಿ ಮುಗಿಸಿದ ರೈತರು ಭಾನುವಾರದ ಪ್ರಾರ್ಥನೆ ತಪ್ಪಿಸದೆ ಗಾಡಿ ಕಟ್ಟಿಕೊಂಡು ಬರಲಿ ಎಂದು ಗೊತ್ತುಮಾಡಿದ ದಿನ ಅದು. ಇಂದಿಗೂ ದೇಶಕ್ಕೆಲ್ಲ ಅನ್ವಯಿಸುವ ರಜೆ ಆ ದಿನಕ್ಕಿಲ್ಲ.

ಇದು ಬರೀ ಕಚೇರಿ ವ್ಯವಹಾರದ ವ್ಯತ್ಯಾಸವೆಂದು ತೋರಬಹುದು. ಆದರೆ ಅಮೆರಿಕದ ಇತಿಹಾಸದಲ್ಲಿ ಜನರ ಮತವನ್ನು ಮತಪೆಟ್ಟಿಗೆಯ ಬಳಿ ತಡೆದದ್ದು ಕಡಿಮೆ. ಹೆಸರು ಬರೆಸುವ ಮೇಜಿನ ಬಳಿಯೇ ತಡೆದದ್ದು ಹೆಚ್ಚು.

ಸಂವಿಧಾನ ಬರೆದವರು ಯಾರಿಗೆ ಮತ ಎಂಬುದನ್ನು ರಾಜ್ಯಗಳಿಗೆ ಬಿಟ್ಟರು. ಹೆಚ್ಚಿನ ರಾಜ್ಯಗಳು ಆಸ್ತಿಯುಳ್ಳ ಬಿಳಿಯ ಗಂಡಸರಿಗಷ್ಟೇ ಕೊಟ್ಟವು. ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಕೆಲವು ಹೆಂಗಸರೂ ಮತ ಹಾಕುತ್ತಿದ್ದರು. 1807ರಲ್ಲಿ ಅದನ್ನೂ ಕಿತ್ತುಕೊಳ್ಳಲಾಯಿತು. ಕೊಟ್ಟ ಹಕ್ಕು ಹಿಂದಕ್ಕೂ ಹೋಗಬಹುದು ಎಂಬುದಕ್ಕೆ ಅದು ಮೊದಲ ಪಾಠ.

ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, 15ನೆಯ ತಿದ್ದುಪಡಿ ಬಂತು. ಜನಾಂಗ ಮತ್ತು ಬಣ್ಣದ ಕಾರಣಕ್ಕೆ ಯಾರ ಮತವನ್ನೂ ನಿರಾಕರಿಸಬಾರದು ಎಂದಿತು. ದಕ್ಷಿಣದ ರಾಜ್ಯಗಳು ಬೇರೆ ದಾರಿ ಹುಡುಕಿದವು. ಮತ ಹಾಕಲು ತಲೆಗಂದಾಯ ಕಟ್ಟಬೇಕು. ಓದು ಬರಹದ ಪರೀಕ್ಷೆ ಪಾಸಾಗಬೇಕು. ಸಂವಿಧಾನದ ಒಂದು ಭಾಗ ಕೊಟ್ಟು ಅರ್ಥ ಹೇಳಿ ಎನ್ನುವರು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಆ ಮೇಜಿನ ಹಿಂದೆ ಕುಳಿತ ಬಿಳಿಯ ಅಧಿಕಾರಿ.

ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು. 1962ರಲ್ಲಿ ಇಂಡಿಯನೋಲಾ ಎಂಬ ಊರಿಗೆ ಹೆಸರು ಬರೆಸಲು ಹೋದರು. ಪರೀಕ್ಷೆಯಲ್ಲಿ ಫೇಲು ಮಾಡಿ ಕಳಿಸಿದರು. ಹದಿನೆಂಟು ವರ್ಷ ದುಡಿದ ತೋಟದಿಂದ ಅವರನ್ನು ಹೊರಹಾಕಿದರು. ಅವರು ಮತ್ತೆ ಹೋದರು. ಕೊನೆಗೂ 1963ರ ಜನವರಿಯಲ್ಲಿ ಪಾಸಾದರು. ಕೇಳಿದ್ದು ಇಷ್ಟೇ, ಪಟ್ಟಿಯಲ್ಲಿ ಒಂದು ಹೆಸರು.

ಹೆಂಗಸರ ದಾರಿಯೂ ಸುಲಭವಿರಲಿಲ್ಲ. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮತ ಹಾಕಿದ್ದಕ್ಕಾಗಿ ಸೂಸನ್ ಬಿ. ಆಂಥನಿಯನ್ನು ಬಂಧಿಸಿದರು. 100 ಡಾಲರ್ ದಂಡ ವಿಧಿಸಿದರು. ಅವರು ಅದನ್ನು ಕಟ್ಟಲೇ ಇಲ್ಲ. 19ನೆಯ ತಿದ್ದುಪಡಿ ಜಾರಿಯಾದದ್ದು 1920ರಲ್ಲಿ, ಅವರು ತೀರಿಕೊಂಡು ಹದಿನಾಲ್ಕು ವರ್ಷಗಳಾದ ಮೇಲೆ. ಆ ತಿದ್ದುಪಡಿಗೆ ಟೆನೆಸೀ ರಾಜ್ಯದ ಒಪ್ಪಿಗೆಯೊಂದು ಬೇಕಾಗಿತ್ತು. ಅಲ್ಲಿನ ಶಾಸನಸಭೆಯ ಕಿರಿಯ ಸದಸ್ಯ, 24ರ ಹರೆಯದ ಹ್ಯಾರಿ ಬರ್ನ್, ವಿರೋಧದ ಪಾಳಯದಿಂದ ಎದ್ದು ಬಂದು ಪರವಾಗಿ ನಿಂತ. ಅವನ ಜೇಬಿನಲ್ಲಿ ತಾಯಿ ಬರೆದ ಪತ್ರವಿತ್ತು. ಮತವೇ ಇಲ್ಲದ ಒಬ್ಬ ತಾಯಿ ಲಕ್ಷಾಂತರ ಹೆಣ್ಣುಮಕ್ಕಳಿಗೆ ಮತ ಕೊಡಿಸಿದ್ದು ಹಾಗೆ.

1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ, ಮತದ ಹಕ್ಕು ಕೇಳಿ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ಜಾನ್ ಲೂಯಿಸ್ ಎಂಬ ತರುಣನ ತಲೆ ಒಡೆಯಿತು. ಮುಂದೆ ಅದೇ ತರುಣ ಮೂವತ್ತಕ್ಕೂ ಹೆಚ್ಚು ವರ್ಷ ಅಮೆರಿಕದ ಕಾಂಗ್ರೆಸ್ ಸದಸ್ಯನಾಗಿದ್ದ. ಐದು ತಿಂಗಳಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. ಅದಕ್ಕೆ ಮೊದಲು ಮಿಸಿಸಿಪ್ಪಿಯ ಆಫ್ರಿಕನ್ ಅಮೆರಿಕನ್ನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. 1967ರ ಹೊತ್ತಿಗೆ ನೂರಕ್ಕೆ ಸುಮಾರು ಅರವತ್ತು ಮಂದಿಯದು ಇತ್ತು. ಮೇಜಿನ ಅಡ್ಡಿ ಸರಿದ ಕೂಡಲೇ ಜನ ಬಂದರು. ಅವರಲ್ಲಿ ಉತ್ಸಾಹಕ್ಕೆ ಎಂದೂ ಕೊರತೆಯಿರಲಿಲ್ಲ.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಪಂಜಾಬಿನ ಭಗತ್ ಸಿಂಗ್ ಥಿಂದ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಳಿಯರೆಂದು ಎಣಿಸಲಾಗದು, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಅದರ ಬೆನ್ನಿಗೆ, ಆಗಲೇ ಪೌರರಾಗಿದ್ದ ಎಷ್ಟೋ ಭಾರತೀಯರ ಪೌರತ್ವವೂ ರದ್ದಾಯಿತು. ಮತ್ತೆ ದಾರಿ ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯ್ದೆ. ಅದಕ್ಕಾಗಿ ಓಡಾಡಿದವರಲ್ಲಿ ದಲೀಪ್ ಸಿಂಗ್ ಸೌಂದ್ ಒಬ್ಬರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿ ಬದುಕಬೇಕಾಯಿತು. 1949ರಲ್ಲಿ ಪೌರರಾದರು. ಮೊದಲು ನಿಂತದ್ದು ತಮ್ಮ ಸಣ್ಣ ಊರಿನ ನ್ಯಾಯಾಧೀಶರ ಸ್ಥಾನಕ್ಕೆ. 1956ರಲ್ಲಿ ಕಾಂಗ್ರೆಸ್‌ಗೆ ಆಯ್ಕೆಯಾದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು. ಇತ್ತೀಚೆಗೆ, 2022ರಲ್ಲಿ, ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಷಿಗನ್ ರಾಜ್ಯದಿಂದ ಅದೇ ಸದನಕ್ಕೆ ಹೋದರು. ಪಕ್ಷದ ಮಾತು ಬೇರೆ. ದಾರಿ ಮಾತ್ರ ಹಿಂದಿನವರು ಕಡಿದು ಕೊಟ್ಟದ್ದು.

ಆತ್ಮೀಯ ಓದುಗರೇ, ಇನ್ನು ನೇರವಾಗಿ ನಿಮ್ಮೊಡನೆ.

ನೀವು ಅಮೆರಿಕದ ಪೌರರಾಗಿದ್ದರೆ, ನನ್ನ ಮೊದಲ ಕೋರಿಕೆ ಬಹಳ ಸಣ್ಣದು. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿ. ನಿಮ್ಮ ರಾಜ್ಯದ ಚುನಾವಣಾ ಕಚೇರಿಯ ಜಾಲತಾಣದಲ್ಲಿ ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಕೆಲಸಕ್ಕಾಗಿ ಊರು ಬದಲಿಸಿದ್ದರೆ ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಬೇಕು. ನಮ್ಮ ಹೆಸರುಗಳ ಕಡೆ ವಿಶೇಷ ಗಮನವಿರಲಿ. ಇನಿಷಿಯಲ್ ಒಂದು ಕಡೆ, ತಂದೆಯ ಹೆಸರು ಇನ್ನೊಂದು ಕಡೆ, ಊರಿನ ಹೆಸರು ಮತ್ತೊಂದು ಕಡೆ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇರುವ ಹಾಗೆಯೇ ಅರ್ಜಿಯಲ್ಲೂ ಬರೆಯಿರಿ. ನೋಂದಣಿಯ ಅರ್ಜಿಯನ್ನು ಆ ದಾಖಲೆಯೊಡನೆ ಹೋಲಿಸಿ ನೋಡುತ್ತಾರೆ.

1993ರ ಕಾಯ್ದೆಯ ನಂತರ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಹೆಸರು ಬರೆಸಬಹುದು. ಕೊನೆಯ ದಿನಾಂಕ ಒಂದೊಂದು ಕಡೆ ಒಂದೊಂದು. ಟೆಕ್ಸಸ್‌ನಲ್ಲಿ ಮತದಾನಕ್ಕೆ 30 ದಿನ ಮೊದಲೇ ಮುಗಿಯುತ್ತದೆ. ಮಿನ್ನೆಸೋಟಾದಲ್ಲಿ ಮತದಾನದ ದಿನವೂ ಬರೆಸಬಹುದು. ನಾರ್ತ್ ಡಕೋಟಾದಲ್ಲಿ ನೋಂದಣಿಯೇ ಇಲ್ಲ. ಕೆಲವೆಡೆ ಫೋಟೊ ಇರುವ ಗುರುತಿನ ಚೀಟಿ ಬೇಕು, ಕೆಲವೆಡೆ ಬೇಡ. ವಾಷಿಂಗ್ಟನ್, ಆರೆಗಾನ್, ಕೊಲರಾಡೊ ರಾಜ್ಯಗಳಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್ 1965ರ ಕಾಯ್ದೆಯ ಒಂದು ಮುಖ್ಯ ಭಾಗವನ್ನು ನಿಷ್ಫಲಗೊಳಿಸಿತು. ಅಲ್ಲಿಯವರೆಗೆ ತಾರತಮ್ಯದ ಇತಿಹಾಸವಿದ್ದ ಕೆಲವು ರಾಜ್ಯಗಳು ಚುನಾವಣಾ ನಿಯಮ ಬದಲಿಸಲು ಕೇಂದ್ರದ ಪೂರ್ವಾನುಮತಿ ಪಡೆಯಬೇಕಿತ್ತು. ಈಗ ಹಾಗಿಲ್ಲ. ನಿಯಮಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತಿರುತ್ತವೆ. ಆದ್ದರಿಂದ ಕಳೆದ ಸಲದ ನೆನಪನ್ನು ನಂಬದೆ ಪ್ರತಿ ಸಲವೂ ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿಯನ್ನು ಚುನಾವಣಾ ಕಚೇರಿಯ ಮಾತಿನೊಡನೆ ತಾಳೆ ಹಾಕಿ.

ಮತಗಟ್ಟೆಯಲ್ಲಿ ಹೆಸರು ಸಿಗದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ತಾತ್ಕಾಲಿಕ ಮತಪತ್ರ ಕೊಡಿ ಎಂದು ಕೇಳಿ. 2002ರ ಕಾಯ್ದೆ ಅದಕ್ಕೆ ಅವಕಾಶ ಮಾಡಿಕೊಟ್ಟಿದೆ. ನೀವು ಅರ್ಹರೆಂದು ಖಚಿತವಾದರೆ ಆ ಮತ ಎಣಿಕೆಗೆ ಸೇರುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ಅಲ್ಲೇ ಇರಿ. ಸಾಲಿನಲ್ಲಿದ್ದವರಿಗೆ ಮತ ಹಾಕುವ ಹಕ್ಕಿದೆ.

ಎರಡನೆಯ ಕೋರಿಕೆ, ಮತಪತ್ರವನ್ನು ಕೊನೆಯ ಸಾಲಿನವರೆಗೂ ಓದಿ. ಮೇಲಿನ ಸಾಲಿನ ದೊಡ್ಡ ಹೆಸರುಗಳನ್ನು ಟಿವಿ ಪರಿಚಯಿಸುತ್ತದೆ. ಕೆಳಗಿನ ಸಾಲುಗಳಲ್ಲಿ ಸ್ಕೂಲ್ ಬೋರ್ಡ್, ನಗರಸಭೆ, ಕೌಂಟಿ, ಶೆರಿಫ್, ಕೆಲವೆಡೆ ನ್ಯಾಯಾಧೀಶರು ಇರುತ್ತಾರೆ. ನಿಮ್ಮ ಮಗಳ ಶಾಲೆಯ ಪಠ್ಯ, ನಿಮ್ಮ ಬೀದಿಯ ಬಸ್ಸು, ಮನೆಯ ತೆರಿಗೆ ಇವೆಲ್ಲ ತೀರ್ಮಾನವಾಗುವುದು ಅಲ್ಲಿ. ಅಲ್ಲಿಗೆ ಬೀಳುವ ಮತಗಳು ಕಡಿಮೆ. ಹಾಗಾಗಿ ನಿಮ್ಮ ಒಂದು ಮತದ ತೂಕ ಹೆಚ್ಚು. 2017ರಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನ ಶಾಸನಸಭಾ ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ 11,608 ಮತಗಳೇ ಬಂದವು. ಒಂದು ಪಿಂಗಾಣಿ ಬೋಗುಣಿಯಲ್ಲಿ ಇಬ್ಬರ ಹೆಸರಿನ ಚೀಟಿ ಹಾಕಿ ಎತ್ತಿದರು. ಆ ಚೀಟಿಯಿಂದ ಇಡೀ ಸದನದ ಬಹುಮತ ತೀರ್ಮಾನವಾಯಿತು. ಮತದಾನದ ದಿನ ಮನೆಯಲ್ಲೇ ಉಳಿದ ಯಾರಾದರೂ ಒಬ್ಬರು ಹೋಗಿ ಬಂದಿದ್ದರೆ ಚೀಟಿಯ ಅಗತ್ಯವೇ ಇರುತ್ತಿರಲಿಲ್ಲ.

ನವೆಂಬರ್‌ಗೆ ಮೊದಲು ನಡೆಯುವ ಪ್ರೈಮರಿಯನ್ನೂ ಮರೆಯದಿರಿ. ಎಷ್ಟೋ ಕ್ಷೇತ್ರಗಳಲ್ಲಿ ನಿಜವಾದ ಪೈಪೋಟಿ ನಡೆಯುವುದು ಅಲ್ಲೇ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಆಯಾ ಪಕ್ಷದಡಿ ನೋಂದಾಯಿಸಿಕೊಂಡವರಿಗೆ ಮಾತ್ರ ಪಕ್ಷದ ಪ್ರೈಮರಿಯಲ್ಲಿ ಮತ. ಇದನ್ನು ಮೊದಲೇ ತಿಳಿದುಕೊಳ್ಳಿ.

ಮನೆಯಲ್ಲಿ ಹಿರಿಯರಿದ್ದಾರೆಯೇ? ಮಕ್ಕಳ ಜೊತೆ ಬಂದು ನೆಲೆಸಿದ ಅಪ್ಪ ಅಮ್ಮ, ಅತ್ತೆ ಮಾವ ಪೌರತ್ವ ಪಡೆದಿದ್ದರೂ ಇಂಗ್ಲಿಷ್ ಮತಪತ್ರಕ್ಕೆ ಅಂಜುತ್ತಾರೆ. ಅವರಿಗೆ ಈ ಮಾತು ತಿಳಿಸಿ. ಮತದಾನ ಹಕ್ಕುಗಳ ಕಾಯ್ದೆಯ 208ನೆಯ ಸೆಕ್ಷನ್ ಪ್ರಕಾರ, ದೃಷ್ಟಿ ಇಲ್ಲದವರು, ಅಂಗವೈಕಲ್ಯವಿರುವವರು, ಓದು ಬರಹ ಆಗದವರು ತಮಗೆ ಬೇಕಾದವರನ್ನು ನೆರವಿಗೆ ಕರೆದೊಯ್ಯಬಹುದು. ಕೆಲಸ ಕೊಟ್ಟವರು ಮತ್ತು ಕಾರ್ಮಿಕ ಸಂಘದ ಪ್ರತಿನಿಧಿಗಳು ಮಾತ್ರ ಆಗಬಾರದು. 2014ರಲ್ಲಿ ಟೆಕ್ಸಸ್‌ನ ವಿಲಿಯಮ್ಸನ್ ಕೌಂಟಿಯಲ್ಲಿ ಬಂಗಾಳಿ ಮಾತನಾಡುವ ಭಾರತೀಯ ಮೂಲದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಹೋದರು. ಮಗ ಆ ಕೌಂಟಿಯ ಮತದಾರನಲ್ಲವೆಂದು ಅವನ ನೆರವಿಗೆ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಆ ನಿರ್ಬಂಧ ಕೇಂದ್ರದ ಕಾಯ್ದೆಗೆ ವಿರುದ್ಧ ಎಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ತಾಯಿ ಕೇಳಿದ ಹಕ್ಕು ನಿಮ್ಮ ತಾಯಿಗೂ ಸಲ್ಲುತ್ತದೆ. ಹಾಗೆ ಜೊತೆಗೆ ಹೋದಾಗ ಅವರು ಹೇಳಿದ್ದನ್ನೇ ಗುರುತು ಮಾಡಿ. ಮತ ಅವರದು. ಅಂಚೆಯಲ್ಲಿ ಮತ ಕಳಿಸುವ ಹಿರಿಯರು ಅರ್ಜಿಯಲ್ಲಿ ಹಾಕಿದ ಸಹಿಯನ್ನೇ ಲಕೋಟೆಯ ಮೇಲೂ ಹಾಕಲಿ. ಸಹಿ ತಾಳೆಯಾಗದಿದ್ದರೆ ಮತ ನಿಂತುಹೋಗಬಹುದು.

ಹಿರಿಯರು ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದರೆ ಇನ್ನೊಂದು ದಾರಿಯಿದೆ. ಐವತ್ತು ದಾಟಿ, ಗ್ರೀನ್ ಕಾರ್ಡ್ ಮೇಲೆ ಇಪ್ಪತ್ತು ವರ್ಷ ಇಲ್ಲಿ ವಾಸವಿದ್ದವರಿಗೆ, ಇಲ್ಲವೇ ಐವತ್ತೈದು ದಾಟಿ ಹದಿನೈದು ವರ್ಷ ಇದ್ದವರಿಗೆ ಪೌರತ್ವದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿಯಿದೆ. ಇತಿಹಾಸ ಮತ್ತು ಸರ್ಕಾರದ ಪ್ರಶ್ನೆಗಳಿಗೆ ದುಭಾಷಿಯ ನೆರವಿನಿಂದ ಅವರು ಕನ್ನಡದಲ್ಲೇ ಉತ್ತರಿಸಬಹುದು. ಸಂಜೆ ಹೊತ್ತು ಮೊಮ್ಮಕ್ಕಳು ಪ್ರಶ್ನೆ ಕೇಳಲಿ, ಅಜ್ಜಿ ಉತ್ತರ ಹೇಳಲಿ. ಇಬ್ಬರಿಗೂ ಪಾಠವಾದೀತು.

ಮಕ್ಕಳ ಮಾತು ಬಂತು. ವಿಯೆಟ್ನಾಂ ಯುದ್ಧಕ್ಕೆ ಹದಿನೆಂಟರ ಹುಡುಗರನ್ನು ಕಳಿಸುವ ದೇಶ, ಮತ ಹಾಕಲು ಇಪ್ಪತ್ತೊಂದಾಗಲಿ ಎನ್ನುವುದು ಯಾವ ನ್ಯಾಯ ಎಂದು ತರುಣರು ಕೇಳಿದರು. 1971ರಲ್ಲಿ 26ನೆಯ ತಿದ್ದುಪಡಿ ಮತದ ವಯಸ್ಸನ್ನು 18ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾ, ಕೊಲರಾಡೊದಂಥ ರಾಜ್ಯಗಳಲ್ಲಿ 16ಕ್ಕೇ ಹೆಸರು ಬರೆಸಿಡಬಹುದು, 18 ತುಂಬಿದಾಗ ಮತ ಬರುತ್ತದೆ. ಕಾಲೇಜಿಗೆ ಬೇರೆ ಊರಿಗೆ ಹೊರಟ ಮಕ್ಕಳು ಮನೆಯ ವಿಳಾಸದಲ್ಲಿ ಮತ ಹಾಕುತ್ತಾರೋ ಕಾಲೇಜಿನ ವಿಳಾಸದಲ್ಲೋ ಎಂಬುದನ್ನು ಈಗಲೇ ತೀರ್ಮಾನಿಸಲಿ. ಎರಡೂ ಕಡೆ ಹಾಕುವಂತಿಲ್ಲ.

ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವ ಗೆಳೆಯರೇ, ನಿಮಗೊಂದು ಎಚ್ಚರಿಕೆಯ ಮಾತು. ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಪೌರರಲ್ಲದವರು ಮತ ಹಾಕುವುದು ಅಪರಾಧ. ಅದರಿಂದ ಗಡೀಪಾರೂ ಆಗಬಹುದು. ಪೌರತ್ವದ ಅರ್ಜಿಯಲ್ಲಿ, ಎಂದಾದರೂ ಹೆಸರು ಬರೆಸಿದ್ದಿರಾ, ಮತ ಹಾಕಿದ್ದಿರಾ ಎಂದು ಕೇಳುತ್ತಾರೆ. ಲೈಸೆನ್ಸ್ ಕಚೇರಿಯಲ್ಲಿ ಅವಸರದಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಬೇಡಿ. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳು ತಮ್ಮ ಸ್ಥಳೀಯ ಚುನಾವಣೆಗಳಲ್ಲಿ ಪೌರರಲ್ಲದ ನಿವಾಸಿಗಳಿಗೂ ಮತ ಕೊಟ್ಟಿವೆ. ಆದರೆ ಅಲ್ಲಿಯೂ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮತವಿಲ್ಲವೆಂದು ನಿಮಗೆ ಪಾತ್ರವಿಲ್ಲವೆಂದಲ್ಲ. ಹ್ಯಾರಿ ಬರ್ನ್‌ನ ತಾಯಿಯನ್ನು ನೆನೆಯಿರಿ. ಸ್ಕೂಲ್ ಬೋರ್ಡಿನ ಬಹಿರಂಗ ಸಭೆಯಲ್ಲಿ ನೀವು ಮಾತನಾಡಬಹುದು. ಮತವಿರುವ ನೆರೆಯವರನ್ನು ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ಯಬಹುದು. ಅವರ ಮಕ್ಕಳನ್ನು ಆ ಹೊತ್ತು ನೋಡಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇದ್ದವರು ಮತಗಟ್ಟೆಯ ಸಿಬ್ಬಂದಿಯಾಗಿಯೂ ಕೆಲಸ ಮಾಡಬಹುದು.

ಅಮೆರಿಕದ ಪೌರತ್ವ ಪಡೆದು ಬೆಂಗಳೂರಿಗೋ ಮೈಸೂರಿಗೋ ಮರಳಿದವರು ಬಹಳ ಮಂದಿ ಇದ್ದೀರಿ. ನಿಮ್ಮ ಮತವೂ ಉಳಿದಿದೆ. 1986ರ ಕಾಯ್ದೆ ವಿದೇಶದಲ್ಲಿರುವ ಪೌರರಿಗೆ ಅದನ್ನು ಕಾಪಾಡಿದೆ. ಅಮೆರಿಕದಲ್ಲಿ ಕೊನೆಯದಾಗಿ ವಾಸವಿದ್ದ ಊರಿನ ಮತದಾರರಾಗಿ ಅರ್ಜಿ ಹಾಕಿ, ಮತಪತ್ರ ತರಿಸಿಕೊಳ್ಳಬಹುದು. ವರ್ಷದ ಆರಂಭದಲ್ಲೇ ಅರ್ಜಿ ಕಳಿಸಿದರೆ ಅಂಚೆಯ ವಿಳಂಬದ ಚಿಂತೆಯಿರದು.

ಕೊನೆಯದಾಗಿ, ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ನಮ್ಮ ರಾಜ್ಯೋತ್ಸವ ಮತ್ತು ಅಮೆರಿಕದ ಚುನಾವಣೆ ಒಂದೇ ತಿಂಗಳಲ್ಲಿ ಬರುತ್ತವೆ. ಆದರೆ ರಾಜ್ಯೋತ್ಸವದ ಹೊತ್ತಿಗೆ ಬಹಳ ರಾಜ್ಯಗಳಲ್ಲಿ ನೋಂದಣಿ ಮುಗಿದಿರುತ್ತದೆ. ಆದ್ದರಿಂದ ಗಣೇಶನ ಹಬ್ಬದ ಕಾರ್ಯಕ್ರಮದಲ್ಲೇ ಸಭಾಂಗಣದ ಬಾಗಿಲ ಬಳಿ ಒಂದು ಮೇಜು ಹಾಕಿ. ಇಬ್ಬರು ಸ್ವಯಂಸೇವಕರು, ಒಂದು ಲ್ಯಾಪ್‌ಟಾಪ್, ಕನ್ನಡದಲ್ಲಿ ಬರೆದ ಒಂದು ಪುಟದ ಮಾಹಿತಿ ಸಾಕು. ಮೂರನೆಯವರ ಮೂಲಕ ನೋಂದಣಿ ಮಾಡಿಸುವುದಕ್ಕೆ ನಿಮ್ಮ ರಾಜ್ಯದ ನಿಯಮವೇನೆಂದು ಮೊದಲೇ ವಿಚಾರಿಸಿ. ಲಾಭರಹಿತ ಸಂಸ್ಥೆಗಳಾದ ನಮ್ಮ ಕೂಟಗಳು ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ಪಕ್ಷಭೇದವಿಲ್ಲದೆ ಹೆಸರು ಬರೆಸಲು ನೆರವಾಗಬಹುದು. ಯಾರಿಗೆ ಮತ ಎಂದು ಅಲ್ಲಿ ಯಾರೂ ಕೇಳಬೇಡಿ, ಯಾರೂ ಹೇಳಬೇಡಿ. ಊಟದ ಸಾಲಿನಲ್ಲಿ ನಿಂತಾಗ ಭಿನ್ನಾಭಿಪ್ರಾಯವಿದ್ದೂ ಒಟ್ಟಿಗೆ ಊಟ ಮಾಡುವುದು ನಮಗೆ ಗೊತ್ತೇ ಇದೆ.

ನಿಮ್ಮ ಮತ ಯಾರಿಗೆ ಎಂಬುದು ನಿಮ್ಮ ವಿವೇಚನೆಗೆ ಬಿಟ್ಟದ್ದು. ಆ ವಿವೇಚನೆಯ ಮೇಲೆ ನನಗೆ ಪೂರ್ಣ ನಂಬಿಕೆಯಿದೆ. ಸದ್ಯಕ್ಕೆ ನಾನು ಕೇಳುವುದು ಎರಡೇ ಕೆಲಸ. ಈ ವಾರ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಖಚಿತಪಡಿಸಿಕೊಳ್ಳಿ. ಬಳಿಕ ಪರಿಚಯದ ಒಬ್ಬರಿಗೆ ಫೋನ್ ಮಾಡಿ, ನಿಮ್ಮ ಹೆಸರು ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಅವರ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸಿ.